ಹಕ್ಕಿಗೆ ಶಾಕ್ ಹೊಡೆಯದಿರಲು ಕಾರಣ ಕಾಲಿನ ಚರ್ಮವಲ್ಲ

‘ಹಕ್ಕಿಯ ಕಾಲಲ್ಲಿ ಕರೆಂಟ್ ಹರಿಯಲ್ಲ, ಅದಕ್ಕೇ ತಂತಿ ಮೇಲೆ ಕೂತರೂ ಏನೂ ಆಗಲ್ಲ’ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕರೆಂಟ್ ಹರಿಯಲು ಎರಡು ಜಾಗಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಬೇಕು. ಹಕ್ಕಿಯ ಎರಡೂ ಕಾಲು ಒಂದೇ ತಂತಿಯ ಮೇಲಿರುತ್ತವೆ. ಅದು 11,000 ವೋಲ್ಟಿನ ಲೈನ್ ಆಗಿದ್ದರೂ, ಅಷ್ಟು ಹತ್ತಿರದ ಎರಡು ಕಾಲುಗಳ ನಡುವೆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಬಾವಲಿಯ ಅಗಲ ರೆಕ್ಕೆ ಪಕ್ಕದ ತಂತಿಗೂ ತಾಗಿದರೆ ಪಾಪ, ಅಲ್ಲೇ ಸತ್ತು ನೇತಾಡುತ್ತದೆ.

ನಾವು ನಿಲ್ಲುವುದು ನೆಲದ ಮೇಲೆ, ಅಲ್ವಾ? ನೆಲ ಸೊನ್ನೆ, ತಂತಿ ಸಾವಿರಾರು ವೋಲ್ಟ್, ನಡುವೆ ನಮ್ಮ ಮೈ. ತಂತಿ ಕಡಿದು ಬಿದ್ದಿದ್ದರೆ ಸುತ್ತಲಿನ ನೆಲದಲ್ಲೂ ವ್ಯತ್ಯಾಸ ಇರುತ್ತದೆ. ಮುಟ್ಟದಿದ್ದರೂ, ಎರಡು ಹೆಜ್ಜೆಗಳ ನಡುವೆಯೇ ಶಾಕ್ ಹೊಡೆಯಬಹುದು. ದಯವಿಟ್ಟು ಮಕ್ಕಳನ್ನು ಹತ್ತಿರ ಬಿಡಬೇಡಿ.