ನೋವು ಇಳಿದ ಮೇಲಿನ ಅರ್ಧ ನಿಮಿಷ

ಹೆರಿಗೆ ವಾರ್ಡಿನ ಕೇಸ್ ಶೀಟ್ ತೆರೆದರೆ ಮಗುವಿನ ಎದೆಬಡಿತ 140, 142, 140, 138 ಅಂತ ಅರ್ಧ ಗಂಟೆಗೊಂದರಂತೆ ನೀಟಾಗಿ ಬರೆದಿರುತ್ತದೆ. ಅಷ್ಟಿದ್ದೂ ಮಗು ಕೆಲವೊಮ್ಮೆ ಅಳದೆ, ಮೈ ಸಡಿಲ ಬಿಟ್ಟುಕೊಂಡು ಹುಟ್ಟುತ್ತದೆ. "ಕೊನೇವರೆಗೂ ಬಡಿತ ಚೆನ್ನಾಗೇ ಇತ್ತಲ್ಲ" ಅನ್ನುತ್ತಾರೆ. ಬರೆದ ಅಂಕಿ ನಿಜವೇ ಇರಬಹುದು. ಆದರೆ ಬಹಳ ಸಲ ಅದನ್ನು ಎಣಿಸುವುದು ಎರಡು ನೋವುಗಳ ನಡುವೆ. ಆಗ ತಾಯಿ ಹೊರಳಾಡದೆ ಮಲಗಿರುತ್ತಾಳೆ, ಮಗುವಿನ ಬಡಿತ ಕೇಳಿಸುವ ಡಾಪ್ಲರ್ ಉಪಕರಣದಲ್ಲಿ ಸದ್ದೂ ಸ್ಪಷ್ಟವಾಗಿ ಸಿಗುತ್ತದೆ. ತೊಂದರೆಯಲ್ಲಿರುವ ಮಗುವೂ ಆ ಹೊತ್ತಿಗೆ ಸುಧಾರಿಸಿಕೊಂಡು 140 ತೋರಿಸಿಬಿಡಬಹುದು.

ಗರ್ಭಕೋಶ ಬಿಗಿದಾಗ ಅದರ ಸ್ನಾಯುವಿನೊಳಗಿಂದ ಹಾದುಬರುವ ರಕ್ತನಾಳಗಳೂ ಹಿಂಡಿಕೊಳ್ಳುತ್ತವೆ. ಮಾಸಿಗೆ ತಾಯಿಯ ರಕ್ತ ಸರಿಯಾಗಿ ಬರುವುದಿಲ್ಲ. ಆ ಮುಕ್ಕಾಲು ಒಂದು ನಿಮಿಷವನ್ನು ಮಗು ಕೂಡಿಟ್ಟ ಆಮ್ಲಜನಕದಲ್ಲೇ ಕಳೆಯಬೇಕು. ಕೂಡಿಟ್ಟದ್ದು ಸಾಲದ ಮಗುವಿನ ಬಡಿತ, ನೋವು ತುದಿ ಮುಟ್ಟಿದ ಮೇಲೆ ಇಳಿಯತೊಡಗಿ, ಹೊಟ್ಟೆ ಮೆತ್ತಗಾದ ಮೇಲೂ ಸ್ವಲ್ಪ ಹೊತ್ತು ಕೆಳಗೇ ಇರುತ್ತದೆ. ಇದೇ ಲೇಟ್ ಡಿಸೆಲರೇಷನ್. ಇದು ಸಿಗಬೇಕಾದರೆ ನೋವಿನ ಜೊತೆಯಲ್ಲೇ ಕೇಳಬೇಕು.

ಕೆಲಸ ಕಷ್ಟದ್ದೇನಲ್ಲ. ಮೊದಲು ಹೊಟ್ಟೆ ಮುಟ್ಟಿ ಮಗುವಿನ ಬೆನ್ನು ಯಾವ ಕಡೆ ಇದೆ ನೋಡಿ. ತಲೆ ಕೆಳಗಿದ್ದರೆ ಹೊಕ್ಕುಳಿನ ಕೆಳಗೆ, ಬೆನ್ನಿನ ಬದಿಯಲ್ಲಿ ಸದ್ದು ಚೆನ್ನಾಗಿ ಸಿಗುತ್ತದೆ. ಒಂದು ಕೈ ಹೊಟ್ಟೆಯ ಮೇಲೇ ಇರಲಿ. ನೋವು ಇದ್ದಾಗಲೇ ಶುರುಮಾಡಿ, ಅದು ಇಳಿದ ಮೇಲೆ ಇನ್ನೂ ಕನಿಷ್ಠ 30 ಸೆಕೆಂಡು, ಒಟ್ಟಿಗೆ ಒಂದು ನಿಮಿಷಕ್ಕೆ ಕಡಿಮೆ ಇಲ್ಲದಂತೆ ಕೇಳಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಬಿಡಿ, ಅಲ್ಲಿ ಒಂದು ಬಡಿತ ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ. ನೋವು ಜೋರಾದ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವಾಗ 5 ನಿಮಿಷಕ್ಕೊಮ್ಮೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 110ಕ್ಕಿಂತ ಕೆಳಗೆ ಬಂದರೆ, 160 ಮುಟ್ಟಿದರೆ, ಅದರ 2020ರ ಲೇಬರ್ ಕೇರ್ ಗೈಡ್ (ಹೆರಿಗೆಯ ಪ್ರಗತಿ ಬರೆದಿಡುವ ಪಟ್ಟಿ) ಪ್ರಕಾರ ಎಚ್ಚರಿಕೆಯ ಗುರುತು ಹಾಕಲೇಬೇಕು.

ಅದೇ ಹೊತ್ತಿಗೆ ತಾಯಿಯ ಮಣಿಕಟ್ಟಿನ ನಾಡಿಯನ್ನೂ ಹಿಡಿದು ನೋಡಿ. ಮುಕ್ಕುವಾಗ ಅವಳ ನಾಡಿಯೇ 120 ದಾಟಬಹುದು. ಡಾಪ್ಲರ್ ಸ್ವಲ್ಪ ಜಾರಿದರೂ ತಾಯಿಯ ಬಡಿತವನ್ನೇ ಮಗುವಿನದೆಂದು ಬರೆದುಕೊಳ್ಳುತ್ತೇವೆ. ಮಗುವಿನ ತಲೆ ಒತ್ತಿಕೊಂಡು ಇಳಿಯುವ ಆ ಹಂತದಲ್ಲಿ ಪ್ರತಿ ಮುಕ್ಕಿಗೂ ಬಡಿತ ಏರುತ್ತಿದ್ದರೆ ಸಮಾಧಾನಪಡಬೇಡಿ, ಅನುಮಾನಪಡಿ.

ಹಾಗಾದರೆ ಮಗುವಿನ ಬಡಿತವನ್ನೂ ನೋವನ್ನೂ ಎಡೆಬಿಡದೆ ಕಾಗದದ ಮೇಲೆ ದಾಖಲಿಸುವ ಸಿಟಿಜಿ ಯಂತ್ರದ ಬೆಲ್ಟನ್ನು ಎಲ್ಲರಿಗೂ ಕಟ್ಟಿಬಿಡೋಣವೇ? ನನ್ನ ಉತ್ತರ ಬೇಡ ಅಂತಲೇ. 37,000ಕ್ಕೂ ಹೆಚ್ಚು ಹೆಂಗಸರ 13 ಪ್ರಯೋಗಗಳನ್ನು ಒಟ್ಟಿಗೆ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ವಿಮರ್ಶೆಯಲ್ಲಿ, ನಿರಂತರ ಸಿಟಿಜಿಯಿಂದ ನವಜಾತ ಶಿಶುಗಳಿಗೆ ಫಿಟ್ಸ್ ಬರುವುದು ಅರ್ಧಕ್ಕೆ ಇಳಿದಿತ್ತು. ಸಾವಿನಲ್ಲೂ ಸೆರೆಬ್ರಲ್ ಪಾಲ್ಸಿಯಲ್ಲೂ (ಮಿದುಳಿನ ಪೆಟ್ಟಿನಿಂದ ಕೈಕಾಲುಗಳ ಚಲನೆಗೆ ಬರುವ ಊನ) ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ, ಸಿಸೇರಿಯನ್ ಮಾತ್ರ ಶೇ 63ರಷ್ಟು ಜಾಸ್ತಿಯಾಯಿತು. ಬಿಪಿ ಇರುವವರಿಗೆ, ಹಿಂದೆ ಸಿಸೇರಿಯನ್ ಆದವರಿಗೆ, ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ, ಮಗುವಿನ ಸುತ್ತಲಿನ ನೀರು ಹಸಿರಾಗಿದ್ದರೆ, ನೋವು ಬರಿಸುವ ಡ್ರಿಪ್ ಹಾಕಿದ್ದರೆ ಯಂತ್ರ ಖಂಡಿತ ಬೇಕು. ಯಾವ ತೊಂದರೆಯೂ ಇಲ್ಲದೆ ತಾನಾಗಿಯೇ ನೋವು ಬಂದವಳನ್ನು ಬೆಲ್ಟ್ ಕಟ್ಟಿ ಗಂಟೆಗಟ್ಟಲೆ ಅಂಗಾತ ಮಲಗಿಸಿದರೆ, ಗರ್ಭಕೋಶದ ಭಾರ ದೊಡ್ಡ ರಕ್ತನಾಳಗಳ ಮೇಲೆ ಬಿದ್ದು, ಇಲ್ಲದ ತೊಂದರೆಯನ್ನು ನಾವೇ ತಂದಂತಾಗುತ್ತದೆ. ಹೊರಬಿದ್ದ ಕಾಗದವನ್ನು ಯಾರೂ ಓದದಿದ್ದರೆ ಆ ಯಂತ್ರದಿಂದ ಏನು ಬಂತು?

ಡ್ರಿಪ್ಪಿನ ವಿಷಯಕ್ಕೆ ಬರುತ್ತೇನೆ. ನನಗೆ ಅತಿ ಹೆಚ್ಚು ಭಯ ಇರುವುದು ಇಲ್ಲಿ. 500 ಎಂಎಲ್ ಬಾಟಲಿಗೆ ನೋವು ಬರಿಸುವ ಔಷಧಿ ಆಕ್ಸಿಟೋಸಿನ್ 5 ಯೂನಿಟ್ ಸೇರಿಸಿ, ಪಂಪ್ ಇಲ್ಲದೆ, ಹನಿ ಎಣಿಸಿ ಬಿಡುತ್ತಾರೆ. ತಾಯಿ ಮಗ್ಗುಲು ಬದಲಿಸಿದರೆ, ಕೈ ಮಡಿಸಿ ಮತ್ತೆ ಚಾಚಿದರೆ ಹನಿಯ ವೇಗ ಬದಲಾಗುತ್ತದೆ. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ನೋವು ಬಂದರೆ ಮಗುವಿಗೆ ಸುಧಾರಿಸಿಕೊಳ್ಳುವ ಬಿಡುವೇ ಉಳಿಯುವುದಿಲ್ಲ. ಹಾಗಾಗಿ ಬಡಿತ ಬರೆಯುವಾಗ ಪಕ್ಕದಲ್ಲೇ ಹತ್ತು ನಿಮಿಷಕ್ಕೆ ಎಷ್ಟು ನೋವು, ಒಂದೊಂದೂ ಎಷ್ಟು ಸೆಕೆಂಡು ಅನ್ನುವುದನ್ನೂ ಬರೆಯಬೇಕು. ಬೇಗ ಹೆರಿಗೆಯಾಗಲಿ ಅಂತ ಹನಿ ಜಾಸ್ತಿ ಮಾಡಿಸಲು ಒತ್ತಾಯಿಸುವ ಮನೆಯವರೂ ಇದನ್ನು ತಿಳಿದಿರಬೇಕು.

ಬಡಿತ ಇಳಿದರೆ ಮೊದಲು ಡ್ರಿಪ್ ನಿಲ್ಲಿಸಿ, ತಾಯಿಯನ್ನು ಎಡ ಮಗ್ಗುಲಿಗೆ ತಿರುಗಿಸಿ. ಬಿಪಿ ನೋಡಿ, ಕಡಿಮೆಯಿದ್ದರೆ ಔಷಧಿ ಸೇರಿಸದ, ಸಲೈನಿನಂಥ ದ್ರವ ಆರ್‌ಎಲ್ ಓಡಿಸಿ. ಒಳಪರೀಕ್ಷೆ ಮಾಡಿ ಹೊಕ್ಕುಳಬಳ್ಳಿ ಜಾರಿ ಕೆಳಗೆ ಬಂದಿದೆಯೇ ನೋಡಿ. ನೋವು ಅತಿಯಾಗಿದ್ದರೆ ಗರ್ಭಕೋಶ ಸಡಿಲಿಸುವ ಟರ್ಬ್ಯುಟಲಿನ್ 250 ಮೈಕ್ರೋಗ್ರಾಂ ಚರ್ಮದಡಿ ಕೊಡುವುದುಂಟು. ಡಾಕ್ಟರಿಗೆ ಫೋನ್ ಮಾಡುವುದು ಇದೆಲ್ಲದರ ಜೊತೆಗೇ ಆಗಬೇಕು, ಎಲ್ಲ ಮುಗಿದ ಮೇಲಲ್ಲ.

ಹುಟ್ಟಿದ ಮೇಲೆ ನೋಡಿಕೊಂಡರಾಯಿತು ಅನ್ನುವ ಧೈರ್ಯ ನಮ್ಮಲ್ಲಿ ನಡೆಯುವುದಿಲ್ಲ. ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಪೆಟ್ಟಾದ ಮಗುವನ್ನು ಆರು ಗಂಟೆಯೊಳಗೆ 33.5 ಡಿಗ್ರಿಗೆ ತಂಪಾಗಿಸಿ 72 ಗಂಟೆ ಇಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಜೀವ ಉಳಿಸಿದೆ. ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಮಕ್ಕಳಲ್ಲಿ ಪರೀಕ್ಷಿಸಿದ ಹೆಲಿಕ್ಸ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಅದರಲ್ಲಿತ್ತು. ತಂಪಾಗಿಸಿದ ಮಕ್ಕಳಲ್ಲಿ ಶೇ 42, ತಂಪಾಗಿಸದವರಲ್ಲಿ ಶೇ 31 ತೀರಿಕೊಂಡವು. ಆ ಚಿಕಿತ್ಸೆಯನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ. ಹಾಗಾಗಿ ಬಡಿತದಲ್ಲಿ ಅನುಮಾನ ಬಂದ ಕ್ಷಣದಲ್ಲೇ ಮಗುವನ್ನು ಬೆಚ್ಚಗಿಡುವ ವಾರ್ಮರ್ ಹಾಕಿ, ಕೈಯಿಂದ ಒತ್ತಿ ಉಸಿರು ಕೊಡುವ ಬ್ಯಾಗ್ ಮತ್ತು ಮಾಸ್ಕನ್ನು ಒತ್ತಿ ಪರೀಕ್ಷಿಸಿ, ತಿಂಗಳು ತುಂಬಿದ ಮಗುವಿಗೆ ಹೊಂದುವ ಮಾಸ್ಕನ್ನೇ ಕೈಗೆಟುಕುವಂತೆ ಇಟ್ಟಿರಬೇಕು. ಒರೆಸಿ, ಬೆನ್ನು ಉಜ್ಜಿದರೂ ಮಗು ಉಸಿರಾಡದಿದ್ದರೆ ಮೊದಲ ನಿಮಿಷ ಮುಗಿಯುವುದರೊಳಗೆ ಬ್ಯಾಗ್ ಶುರುವಾಗಬೇಕು, ನಿಮಿಷಕ್ಕೆ 40ರಿಂದ 60 ಸಲ, ಪ್ರತಿ ಸಲವೂ ಎದೆ ಏಳುತ್ತಿದೆಯೇ ಅಂತ ನೋಡುತ್ತ.