ಹಾಸನದಲ್ಲಿ ಬಸ್ ತಪ್ಪಿದರೆ

ನಾನು ಹಾಸನಕ್ಕೆ ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ, ಆದ್ರೆ ಹಾಸನ ನೋಡಿದೀಯಾ ಅಂತ ಯಾರಾದ್ರೂ ಕೇಳಿದ್ರೆ ಬಸ್ ಸ್ಟ್ಯಾಂಡು, ಉಪ್ಪುಖಾರ ಹಚ್ಚಿದ ಸೌತೆಕಾಯಿ, ಇನ್ನೇನೂ ಹೇಳೋಕೆ ಬರಲ್ಲ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಸಕಲೇಶಪುರ, ಎಲ್ಲಿಗೆ ಹೋಗೋರಾದ್ರೂ ಇಲ್ಲಿ ಇಳಿದು ಇನ್ನೊಂದು ಬಸ್ ಹತ್ತೋರೇ. ಇಲ್ಲಿಗೇ ಅಂತ ಬರೋರು ಕಮ್ಮಿ ಪಾಪ.

ಹೋದ ತಿಂಗಳು ಮೂಡಿಗೆರೆ ಕಡೆಯ ಅತ್ತೆ ಮನೆಗೆ ಹೊರಟಿದ್ದೆ, ಆ ಹಳ್ಳಿಗೆ ಡೈರೆಕ್ಟ್ ಬಸ್ಸು ದಿನಕ್ಕೆ ಎರಡೇ, ನಾನು ಇಳಿಯೋದಕ್ಕೂ ಅದು ಗೇಟು ದಾಟೋದಕ್ಕೂ ಸರಿಹೋಯ್ತು. ಇನ್ನೊಂದು ಯಾವಾಗ ಅಂದ್ರೆ ಮೂರು ಗಂಟೆ ಆಗ್ತದೆ ಸಾ ಅಂದ್ರು. ಸರಿ, 1982ರಿಂದ ಇದೇ ಊರಲ್ಲಿ ಇಸ್ರೋದವರು ಕೂತು 36 ಸಾವಿರ ಕಿಲೋಮೀಟರ್ ಮೇಲಿರೋ ಉಪಗ್ರಹಗಳನ್ನ ಹಿಡಿದಿಟ್ಕೊಂಡಿದಾರಂತೆ, ಕೆಳಗೆ ಒಂದು ಕೆಂಪು ಬಸ್ಸು ಹಿಡಿಯೋಕೆ ನನ್ನ ಕೈಲಾಗ್ಲಿಲ್ಲ.

ಹಾಸನಾಂಬೆ ನೋಡ್ಕೊಂಡು ಬರೋಣ ಅಂತ ಆಟೋದವನನ್ನ ಕೇಳಿದ್ರೆ ನಕ್ಕುಬಿಟ್ಟ. ಬಾಗಿಲು ತೆಗೆಯೋದು ವರ್ಷಕ್ಕೆ ಒಂದೇ ಸಲ, ಆಶ್ವಯುಜದಲ್ಲಿ, ಬಾಳೆಕಂದು ಕಡಿದ ಮೇಲೆ, ಬಲಿಪಾಡ್ಯಮಿ ಕಳೆದ್ರೆ ಮತ್ತೆ ಬೀಗ. ಕಾಶಿಯಿಂದ ದಕ್ಷಿಣಕ್ಕೆ ಹೊರಟ ಏಳು ಜನ ಅಕ್ಕತಂಗೀರು ಈ ಜಾಗ ಚೆನ್ನಾಗಿದೆ ಅಂತ ಇಲ್ಲೇ ನಿಂತ್ರು ಅಂತ ಕಥೆ, ಮೂವರು ಹಾಸನಾಂಬೆ ಗುಡೀಲಿ ಹುತ್ತವಾಗಿ, ಮೂವರು ಇದೇ ಊರಿನ ದೇವಿಗೆರೇಲಿ, ಒಬ್ಬಳು ಕೆಂಚಮ್ಮನ ಹೊಸಕೋಟೆಗೆ ಹೋದ್ಲು. ಅಂದ್ರೆ ಊರ ದೇವ್ರೂ ಎಲ್ಲಿಗೋ ಹೋಗ್ತಾ ಇಲ್ಲಿ ಇಳಿದೋರೇ!

ಹಾಗಾದ್ರೆ ಕೊರವಂಗಲ ನೋಡಿ ಸಾ, ಅರಸೀಕೆರೆ ರೋಡಲ್ಲಿ ಹತ್ತು ಕಿಲೋಮೀಟ್ರು ಅಂದ ಆಟೋದವನು. ಅಷ್ಟರಲ್ಲಿ ಹೆಂಡ್ತಿ ಫೋನು, ಎಲ್ಲಿದೀರಾ ಅಂದ್ಲು, ಕೊರವಂಗಲಕ್ಕೆ ಹೋಗ್ತಿದೀನಿ ಅಂದೆ. "ಇನ್ನೂ ಕೋರಮಂಗಲದಲ್ಲೇ ಇದೀರಾ? ಅತ್ತೆ ಬೆಳಿಗ್ಗೆಯಿಂದ ಕಾಯ್ತಿದಾರೆ!" ಅಂತ ಕಿರುಚಿ ಇಟ್ಟೇಬಿಟ್ಲು.

ಬೂಚೇಶ್ವರ ದೇವಸ್ಥಾನ. ಹೊಯ್ಸಳರ ವೀರಬಲ್ಲಾಳ ಪಟ್ಟಕ್ಕೆ ಬಂದ ಖುಷಿಗೆ ಬೂಚಿ ಅನ್ನೋ ಅಧಿಕಾರಿ 1173ರಲ್ಲಿ ಕಟ್ಟಿಸಿದ್ದು. ಒಂದು ಕಡೆ ಈಶ್ವರ, ಎದುರಿಗೆ ಸೂರ್ಯನ ಗುಡಿ. ಬೇಲೂರಲ್ಲಾದ್ರೆ ಗೈಡು, ಸೆಲ್ಫಿ, ಸ್ಕೂಲ್ ಮಕ್ಕಳ ಸಾಲು, ಇಲ್ಲಿ ನಾನು, ಆಟೋದವನು, ಒಂದು ನಾಯಿ. ತಣ್ಣಗಿನ ಕಲ್ಲಿನ ಮೇಲೆ ಕೂತ್ರೆ ಏಳೋಕೇ ಮನಸ್ಸಾಗ್ಲಿಲ್ಲ, ಹೊರಗೆ ಸಣ್ಣಗೆ ಜಡಿಮಳೆ, ಹಾಸನಕ್ಕೆ ಬಡವರ ಊಟಿ ಅಂತ ಸುಮ್ನೆ ಅಂತಾರಾ. ನಾಯಿ ಆಗಲೇ ಮಲಗಿತ್ತು, ಆಟೋದವನೂ ಕಂಬಕ್ಕೆ ಒರಗಿ ಕಣ್ಮುಚ್ಚಿದ್ದ, ವೇಟಿಂಗ್ ಚಾರ್ಜು ಓಡ್ತಿತ್ತು ಅನ್ಸುತ್ತೆ.

ಓಡೋಡಿ ವಾಪಸ್ ಬಂದ್ರೆ ಬಸ್ಸು ಇನ್ನೂ ಡಿಪೋನೇ ಬಿಟ್ಟಿಲ್ಲವಂತೆ, ಅರ್ಧ ಗಂಟೆ ಆಗ್ಬೋದು, ಒಂದು ಗಂಟೇನೂ ಆಗ್ಬೋದು. ಬೇರೆ ದಿನ ಆಗಿದ್ರೆ ಜಗಳ ತೆಗೀತಿದ್ದೆ. ಆಟೋದವನು ಇನ್ನೂ ಅಲ್ಲೇ ನಿಂತು ಚಿಲ್ಲರೆ ಎಣಿಸ್ತಿದ್ದ.

"ದೇವಿಗೆರೆ ಎಷ್ಟು ದೂರ ಅಣ್ಣ?" ಅಂದೆ.