ಮಂದಿ ಬರ್ತಾರ, ರೊಕ್ಕ ಬರಂಗಿಲ್ಲ

ನಾನು ಹುಬ್ಬಳ್ಳಿಯಲ್ಲಿ ಲೆಕ್ಕ ಬರೆಯುವವ. ಸಿಎ ಅಲ್ಲ. ಒಬ್ಬ ಸಿಎ ಆಫೀಸಿನಲ್ಲಿ ಇಪ್ಪತ್ತು ವರ್ಷ ಪಳಗಿ, ಈಗ ಸ್ವಂತಕ್ಕೆ ಒಂದು ಕೋಣೆ, ಎರಡು ಕಂಪ್ಯೂಟರ್ ಇಟ್ಟುಕೊಂಡು ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ. ಖಾನಾವಳಿ, ಕಿರಾಣಿ, ಬಟ್ಟೆ ಅಂಗಡಿ, ಎರಡು ಬೇಕರಿ, ಮತ್ತೆ ಒಂದು ಕಾಫಿ ಶಾಪ್. ಹಿಂಜರಿತದಲ್ಲಿ ದುಬಾರಿ ಕಾಫಿ ಬದುಕುತ್ತಾ ಅನ್ನೋ ಪ್ರಶ್ನೆ ಬಗ್ಗೆ ಇವತ್ತು ಬರೀತಿರೋದು ಆ ಕಾಫಿ ಶಾಪ್ ನೆಪದಲ್ಲಿ.

ಧಂದೆ ಇಲ್ಲದಾಗ ನಮ್ಮ ಪ್ಯಾಟಿಯ ವ್ಯಾಪಾರಸ್ಥರು ‘ಮಾರ್ಕೆಟ್‌ನಾಗ ಮಂದಿ ಐತ್ರಿ’ ಅಂತಾರೆ. ಅದು ಹಿಂದಿಯ ಮಂದಿ, ಅಂದ್ರೆ ವ್ಯಾಪಾರದ ಹಿಂಜರಿತ. ಈ ಕಡೆ ಮಂದಿ ಅಂದ್ರೆ ಜನ. ಬೆಂಗಳೂರಿನಿಂದ ಬಂದ ನನ್ನ ಅಳಿಯ ಒಮ್ಮೆ ‘ಮಂದಿ ಇದ್ರೆ ಒಳ್ಳೇದಲ್ವಾ ಮಾವಾ?’ ಅಂತ ಕೇಳಿದ್ದ. ಕಾಫಿ ಶಾಪಿನಲ್ಲಿ ಮಾತ್ರ ಎರಡೂ ಮಂದಿ ಒಟ್ಟಿಗೇ ಬಂದು ಕೂತುಬಿಡ್ತಾವೆ.

ಈ ಅಂಗಡಿ ಇರೋದು ವಿದ್ಯಾನಗರದ ಕಡೆ. ದೊಡ್ಡ ಕಂಪನಿಯೊಂದರ ಫ್ರಾಂಚೈಸಿ, ಹೆಸರು ಬೇಡ. ಹೋದ ತಿಂಗಳು ಒಂದು ಮಂಗಳವಾರ ಖರೀದಿ ಬಿಲ್ಲು ತರೋಕೆ ಅಂತ ಹೋಗಿದ್ದೆ. ಮಧ್ಯಾಹ್ನ ನಾಲ್ಕು ಗಂಟೆ. ಒಂದೂ ಕುರ್ಚಿ ಖಾಲಿ ಇಲ್ಲ. ಕಿಟಕಿ ಪಕ್ಕ ಇಬ್ಬರು ಹುಡುಗರು, ಲ್ಯಾಪ್‌ಟಾಪ್, ನಡುವೆ ಒಂದೇ ಕ್ಯಾಪುಚಿನೋ. ನೊರೆ ಒಣಗಿ ಕಪ್ಪಿನ ಅಂಚಿಗೆ ಅಂಟಿಕೊಂಡಿತ್ತು. ಒಂದು ಗಂಟೆಗೆ ಬಂದವರಂತೆ. ಮೂಲೆಯಲ್ಲಿ ಒಬ್ಬ ಇನ್ಶೂರೆನ್ಸ್ ಏಜೆಂಟ್, ಅದೇ ಅವನ ಆಫೀಸು. ನಡುವಿನ ದೊಡ್ಡ ಟೇಬಲ್ಲಿನಲ್ಲಿ ಕನ್ಯಾ ನೋಡೋ ಕಾರ್ಯಕ್ರಮ. ಗದಗಿನಿಂದ ಬಂದವರು, ಎಲ್ಲಾ ಸೇರಿ ಏಳು ಜನ. ಹುಡುಗ-ಹುಡುಗಿಗೆ ಎರಡು ಕೋಲ್ಡ್ ಕಾಫಿ, ಉಳಿದವರಿಗೆ ಏನೂ ಇಲ್ಲ. ‘ಬ್ಯಾಡ್ರಿ, ಈಗರ ಚಾ ಆತು.’ ಹುಡುಗನ ಅಪ್ಪ ಮೆನು ಕಾರ್ಡ್ ಓದಿದರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೊಮ್ಮೆ ಓದಿದರು. ರೇಟು ಮೊದಲಿದ್ದಷ್ಟೇ ಇತ್ತು.

ಮಾಲೀಕ ನನ್ನ ಕಡೆ ವಾಲಿ ಸಣ್ಣ ದನಿಯಲ್ಲಿ ಹೇಳಿದ: ‘ನೋಡ್ರಿ ಸರ, ಮಂದಿ ಬರ್ತಾರ, ರೊಕ್ಕ ಬರಂಗಿಲ್ಲ.’

ಮೂರು ತಾಸಿನಲ್ಲಿ ಹನ್ನೊಂದು ಬಿಲ್ ಆಗಿತ್ತು.

ಕಷ್ಟಕಾಲದಲ್ಲಿ ದುಬಾರಿ ಕಾಫಿ ನಡೆಯುತ್ತೆ ಅನ್ನೋರು ಒಂದು ಸಿದ್ಧಾಂತ ಹೇಳ್ತಾರೆ, ಲಿಪ್‌ಸ್ಟಿಕ್ ಸಿದ್ಧಾಂತ. 2001ರಲ್ಲಿ ಅಮೆರಿಕದ ಸೌಂದರ್ಯವರ್ಧಕ ಉದ್ಯಮಿ ಲಿಯೊನಾರ್ಡ್ ಲಾಡರ್ ಹೇಳಿದ್ದು. ಕೈ ಬಿಗಿಯಾದಾಗ ಜನ ದೊಡ್ಡ ಖರ್ಚು ಮುಂದೂಡ್ತಾರೆ, ಆದರೆ ಮನಸ್ಸಿನ ಸಮಾಧಾನಕ್ಕೆ ಸಣ್ಣ ಸುಖ ಕೊಳ್ತಾರೆ ಅಂತ. ಮಾತು ಪೂರ್ತಿ ಸುಳ್ಳಲ್ಲ. ನಮ್ಮಲ್ಲೂ ಟ್ರ್ಯಾಕ್ಟರ್ ಮುಂದೂಡಿದವ ಸಂಜೆ ಗಿರ್ಮಿಟ್ ಮಿರ್ಚಿ ಬಿಡೋದಿಲ್ಲ. ಆದರೆ ಸಣ್ಣ ಸುಖ ಅಂದ್ರೆ ಎಷ್ಟು? 200 ರೂಪಾಯಿ ಕ್ಯಾಪುಚಿನೋ ಅಂದ್ರೆ ಹತ್ತು ರೂಪಾಯಿಯ ಇಪ್ಪತ್ತು ಚಾ. ತಿಂಗಳ ಪಗಾರ ಇರೋನಿಗೆ ಅದು ಸಣ್ಣದು. ಪೈಪೋಟಿ ಪರೀಕ್ಷೆಗೆ ಓದ್ತಾ ಧಾರವಾಡದಲ್ಲಿ ರೂಮು ಮಾಡಿಕೊಂಡ ಹುಡುಗನಿಗೆ ಅಲ್ಲ.

ಹಂಗಾದರೆ ಅವನು ಯಾಕೆ ಬರ್ತಾನೆ? ಕೂರೋಕೆ. ಏಸಿ, ವೈಫೈ, ಸ್ವಚ್ಛ ಬಚ್ಚಲು, ‘ಏಳ್ರಿ’ ಅನ್ನದ ವೇಟರ್. ಚಾದಂಗಡಿಯಲ್ಲಿ ಇವು ಸಿಗಲ್ಲ. ನನ್ನ ಲೆಕ್ಕದಲ್ಲಿ ಈ ಅಂಗಡಿಗಳು ಮಾರೋದು ಕುರ್ಚಿ, ಕಾಫಿ ಅದರ ರಸೀದಿ. ಕೆಲಸ ಹೋದವರು, ಕೆಲಸ ಹುಡುಕೋರು ಜಾಸ್ತಿ ಆದಷ್ಟೂ ಕುರ್ಚಿ ತುಂಬುತ್ತೆ. ಹೊರಗಿನಿಂದ ನೋಡಿದವರು ‘ಎಲ್ಲಿದೆ ಹಿಂಜರಿತ, ಕಾಫಿ ಶಾಪ್ ಫುಲ್ ಇದೆಯಲ್ಲಾ’ ಅಂತ ಟೀವಿಯಲ್ಲಿ ಹೇಳ್ತಾರೆ. ಅವರು ಬಿಲ್ ಪುಸ್ತಕ ನೋಡಿಲ್ಲ. ಸ್ಟಾರ್‌ಬಕ್ಸ್‌ನವರೇ ಅಮೆರಿಕದಲ್ಲಿ 2018ರಲ್ಲಿ ‘ಏನೂ ಕೊಳ್ಳದಿದ್ದರೂ ಕೂರಬಹುದು’ ಅಂದಿದ್ದರು. 2025ರ ಜನವರಿಯಲ್ಲಿ ಆ ನಿಯಮ ವಾಪಸ್ ತಗೊಂಡರು. ಕುರ್ಚಿಯ ಬೆಲೆ ಅವರಿಗೂ ಗೊತ್ತಾಗಿದೆ.

ಈಗ ಒಂದು ಕಪ್ಪಿನ ಲೆಕ್ಕ. ಕ್ಯಾಪುಚಿನೋಗೆ ಹಾಕೋ ಡಬಲ್ ಶಾಟ್ ಡಿಕಾಕ್ಷನ್‌ಗೆ ಸುಮಾರು 18 ಗ್ರಾಂ ಪುಡಿ. ಹುರಿದ ಬೀಜ ಕೆಜಿಗೆ 1,200 ರೂಪಾಯಿ ಅಂದುಕೊಳ್ಳಿ, 22 ರೂಪಾಯಿ ಆಯ್ತು. ಹಾಲು, ಸಕ್ಕರೆ, ಟಿಶ್ಯೂ ಎಲ್ಲಾ ಸೇರಿ 40ರ ಆಸುಪಾಸು. ಉಳಿದ 160 ಲಾಭ ಅಂತ ಕುಣಿಯಬೇಡಿ. ಕಂಪನಿಗೆ ರಾಯಲ್ಟಿ, ಹುಡುಗರ ಪಗಾರ, ಬೆಳಗಿನಿಂದ ರಾತ್ರಿವರೆಗೂ ಬಿಸಿಯಾಗೇ ಇರಬೇಕಾದ ಮಶಿನ್ನಿನ ಕರೆಂಟು, ಆಮೇಲೆ ಬಾಡಿಗೆ. ಬಾಡಿಗೆಯಲ್ಲಿ ಇನ್ನೊಂದು ಮುಳ್ಳಿದೆ, ಅದನ್ನು ನನ್ನಂಥವರು ಬಿಟ್ಟರೆ ಯಾರೂ ಮಾತಾಡಲ್ಲ. 2017ರ ನವೆಂಬರ್‌ನಿಂದ ಇಂಥ ಹೋಟೆಲುಗಳಿಗೆ 5% ಜಿಎಸ್‌ಟಿ. ಗಿರಾಕಿಗೆ ಖುಷಿ. ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಅಂದ್ರೆ 1 ಲಕ್ಷ ಬಾಡಿಗೆ ಇದ್ದರೆ ಅದರ ಮೇಲಿನ 18%, ಆ 18 ಸಾವಿರ, ಬೇರೆ ಧಂದೆಯವರ ಹಾಗೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳೋಕೆ ಬರಲ್ಲ. ಸೀದಾ ಜೇಬಿನಿಂದ. ಅಷ್ಟು ದುಡ್ಡಿಗೆ ಎಷ್ಟು ಕನ್ಯಾ ನೋಡಬೇಕು ಹೇಳಿ.

ಹಾಗಾಗಿ ‘ಹಿಂಜರಿತದಲ್ಲಿ ದುಬಾರಿ ಕಾಫಿ ಬದುಕುತ್ತಾ’ ಅಂತ ಯಾರಾದ್ರೂ ಕೇಳಿದರೆ, ಆ ಅಂಗಡಿ ಬಾಡಿಗೆ ಎಷ್ಟು, ಸಾಲ ಎಷ್ಟು, ಒಳ್ಳೇ ಕಾಲದಲ್ಲಿ ಎಷ್ಟು ಅವಸರದಿಂದ ಬೆಳೀತು ಅಂತ ತಿರುಗಿ ಕೇಳ್ತೇನೆ.

2008ನ್ನೇ ನೋಡಿ. ಆ ಜುಲೈಯಲ್ಲಿ ಸ್ಟಾರ್‌ಬಕ್ಸ್ ಅಮೆರಿಕದಲ್ಲಿ 600 ಅಂಗಡಿ ಮುಚ್ತೀವಿ ಅಂತು. ಎಲ್ಲರೂ ಮಂದಿಯ ಹೊಡೆತ ಅಂದರು. ಆದರೆ ಆ ಪಟ್ಟಿಯ ಸುಮಾರು 70% ಅಂಗಡಿಗಳು 2006ರಿಂದ ಈಚೆಗೆ ತೆರೆದವು. ಒಂದು ಓಣಿಗೆ ಎರಡೆರಡು ಅಂತ ಸಿಕ್ಕಸಿಕ್ಕಲ್ಲಿ ಇಟ್ಟಿದ್ದು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ 84ರಲ್ಲಿ 61 ಮುಚ್ಚಿದರು. ಅಲ್ಲಿ ಮೊದಲೇ ಓಣಿ ಓಣಿಗೆ ಒಳ್ಳೇ ಕಾಫಿ ಇತ್ತು. ಆ ವರ್ಷದ ಜನವರಿಯಲ್ಲೇ ಮತ್ತೆ ಸಿಇಒ ಆಗಿ ವಾಪಸ್ ಬಂದಿದ್ದ ಹೊವಾರ್ಡ್ ಶುಲ್ಟ್ಜ್ ಕಂಪನಿಯನ್ನು ಎತ್ತಿ ನಿಲ್ಲಿಸಿದ ಕಥೆ ಎಲ್ಲರೂ ಹೇಳ್ತಾರೆ. ಹೌದು, ಎದ್ದು ನಿಂತಿತು. ಭಾರ ಇಳಿಸಿ ನಿಂತಿತು.

ನಮ್ಮ ಕಾಫಿ ಡೇ ಕಥೆ ಇದಕ್ಕಿಂತ ಹತ್ತಿರದ್ದು, ಬರೆಯೋಕೆ ಬೇಜಾರೂ ಆಗುತ್ತೆ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರೋಡಿನಲ್ಲಿ ಶುರುವಾಗಿದ್ದು. ಕಾಫಿ ತೋಟದ ಮನೆಯ ಸಿದ್ಧಾರ್ಥ ಅವರು ಚಾ ಕುಡಿಯೋ ಊರುಗಳಿಗೂ ಕಾಫಿ ಶಾಪ್ ತಂದರು. ಅವರಿಗಿಂತ ಮೊದಲು ನಮ್ಮ ಕಡೆಯ ಹುಡುಗ-ಹುಡುಗಿಗೆ ಭೇಟಿ ಆಗೋಕೆ ಉಣಕಲ್ ಕೆರೆ ದಂಡೆ, ಇಲ್ಲಾ ಸಿನಿಮಾ ಟಾಕೀಜು. 2019ರಲ್ಲಿ ಅವರು ತೀರಿಕೊಂಡಾಗ ದೇಶದಲ್ಲಿ 1,700ಕ್ಕೂ ಹೆಚ್ಚು ಕೆಫೆ ಇದ್ದವು, ಗುಂಪಿನ ಮೇಲೆ 7,000 ಕೋಟಿಗೂ ಹೆಚ್ಚು ಸಾಲ ಇತ್ತು. 2023ರ ಹೊತ್ತಿಗೆ ಕೆಫೆಗಳು 500ರೊಳಗೆ ಬಂದವು. ನಡುವೆ ಕೊರೋನಾ ಬಂತು, ಒಪ್ಪುತ್ತೇನೆ. ಆದರೆ ಜನ ಕಾಫಿ ಬಿಟ್ಟಿದ್ದಕ್ಕೆ ಅಷ್ಟು ಬಾಗಿಲು ಮುಚ್ಚಿತು ಅಂತ ನನಗೆ ಯಾರೂ ಹೇಳಬೇಡಿ. ಸಾಲದ ಕಂತು ಯಾರ ಗಿರಾಕಿಯೂ ಅಲ್ಲ, ದಿನಾ ಬಂದು ಕೂರುತ್ತೆ. ಸಿದ್ಧಾರ್ಥ ಅವರ ಪತ್ನಿ ಮಾಳವಿಕಾ ಹೆಗ್ಡೆ ಅವರು ಆಸ್ತಿ ಮಾರಿ, ಅಂಗಡಿ ಕಡಿಮೆ ಮಾಡಿ ಆ ಸಾಲವನ್ನು ಇಳಿಸುತ್ತಾ ಬಂದದ್ದು ನನ್ನಂಥವನ ಕಣ್ಣಿಗೆ ನಿಜವಾದ ವ್ಯವಹಾರ. ಅದರ ಬಗ್ಗೆ ಇನ್ನೊಮ್ಮೆ ಬರೀತೇನೆ.

ಇನ್ನೊಂದು ಮಾತು. ಹಿಂಜರಿತ ನಮ್ಮ ಕಡೆ ದಿಲ್ಲಿಯಿಂದ ಬರಲ್ಲ, ಬ್ಯಾಡಗಿಯಿಂದ ಬರುತ್ತೆ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ರೇಟು ಬಿದ್ದು ಬ್ಯಾಡಗಿ ಎಪಿಎಂಸಿಯಲ್ಲಿ ಗಾಡಿಗಳು ಸುಟ್ಟವಲ್ಲ, ನೆನಪಿದೆಯಾ? ಆ ಸಲ ನನ್ನ ಬಟ್ಟೆ ಅಂಗಡಿ ಗಿರಾಕಿಯ ಮದುವೆ ಸೀಜನ್ನು ಪೂರ್ತಿ ಕೂತುಬಿಟ್ಟಿತ್ತು. ಕಾಫಿ ಶಾಪ್ ಕೂರಲಿಲ್ಲ, ಕುಂಟಿತು. ಅಪ್ಪನಿಗೆ ಮೆಣಸಿನಕಾಯಿ ರೊಕ್ಕ ಬರದಿದ್ದರೆ ಮಗ ಹಾಸ್ಟೆಲಿನಿಂದ ವಾರಕ್ಕೆ ಮೂರು ಸಲ ಬರೋನು ಒಂದು ಸಲ ಬರ್ತಾನೆ. ಬಂದರೆ ಎರಡು ತಾಸು ಜಾಸ್ತಿ ಕೂರ್ತಾನೆ.

ದೊಡ್ಡವರು ಇದಕ್ಕೆ ಸಣ್ಣ ಕಪ್ಪಿನ ಉಪಾಯ ಹುಡುಕಿದ್ದಾರೆ. ಟಾಟಾ ಸ್ಟಾರ್‌ಬಕ್ಸ್ 2023ರಲ್ಲಿ ‘ಪಿಕೋ’ ಅಂತ ಪುಟ್ಟ ಕಪ್ಪು ತಂದಿತು, 185 ರೂಪಾಯಿಯಿಂದ ಶುರು. ನಮ್ಮ ಭಾಷೆಯಲ್ಲಿ ಅದು ಅರ್ಧಾ ಚಾ. ಅದನ್ನು ನಮ್ಮ ಆಫೀಸಿನ ಕೆಳಗಿನ ಚಾದಂಗಡಿಯವ ಯಾವ ಕಾಲದಿಂದಲೋ ಮಾಡ್ತಿದ್ದಾನೆ, ಸುಮ್ನೆ, ಹೆಸರಿಡದೆ.

ನನ್ನ ಕಾಫಿ ಗಿರಾಕಿಗೆ ಏನು ಹೇಳಿದೆ ಅಂತ ಕೇಳ್ತೀರಿ. ಆ ಮಂಗಳವಾರವೇ ಅವನು ಇನ್ನೊಂದು ವಿಷಯ ತೆಗೆದಿದ್ದ. ಧಾರವಾಡದಲ್ಲಿ, ಚಿಗರಿ ಬಸ್ ಸ್ಟಾಪಿನ ಎದುರೇ ಜಾಗ ಸಿಕ್ಕಿದೆ, ಬ್ಯಾಂಕಿನವರು ಓವರ್‌ಡ್ರಾಫ್ಟ್ ಸಾಲದ ಮಿತಿ ಹೆಚ್ಚು ಮಾಡ್ತೀವಿ ಅಂದಿದ್ದಾರೆ, ಕಾಲೇಜು ಹುಡುಗರು ಸಿಕ್ಕಾಪಟ್ಟೆ, ‘ಮಂದೀಗೇನ್ ಕಡಿಮಿ ಇಲ್ರಿ ಸರ’. ನಾನು ಒಂದು ಹಾಳೆಯಲ್ಲಿ ಬಾಡಿಗೆ, ಬಡ್ಡಿ, ದಿನಕ್ಕೆ ಆಗಬೇಕಾದ ಬಿಲ್ಲು ಎಲ್ಲಾ ಬರೆದುಕೊಟ್ಟೆ. ಇದ್ದದ್ದರ ಸಾಲ ತೀರೋವರೆಗೂ ಬ್ಯಾಡ ಅಂದೆ. ಅವನು ಹಾಳೆ ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡ, ನನಗೆ ದುಡ್ಡು ತಗೊಳ್ಳದೆ ಒಂದು ಕ್ಯಾಪುಚಿನೋ ಕೊಟ್ಟ.

ನಿನ್ನೆ ವಾಟ್ಸಾಪ್‌ನಲ್ಲಿ ಆಮಂತ್ರಣ ಬಂತು. ಧಾರವಾಡ ಶಾಖೆ, ಬರುವ ಶುಕ್ರವಾರ, ಬೆಳಿಗ್ಗೆ 9:40ರ ಮುಹೂರ್ತ. ಕೆಳಗೆ ‘ತಾವು ಸಹಕುಟುಂಬ ಬರಬೇಕು’ ಅಂತಿದೆ. ಮನೆಯಲ್ಲಿ ನಾವು ಆರು ಜನ.